ಮೈಗ್ರೇನ್ ತಲೆನೋವು: ಸೂಕ್ತ ಔಷಧಿಯನ್ನು ಕಂಡುಕೊಳ್ಳುವ ಕ್ರಮ – ಖಟಕ ಚಿಂಚೋಳಿ ಹೋಬಳಿಯ ನಾಗರಿಕರಿಗೆ ಮಾಹಿತಿ

ಪೀಠಿಕೆ

ಬೀದರ್ ಜಿಲ್ಲೆ, ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ ಹೋಬಳಿಯಲ್ಲಿ ಕನ್ನಡ, ಮರಾಠಿ ಹಾಗೂ ಉರ್ದು ಭಾಷೆಗಳು ಬಳಕೆಯಲ್ಲಿರುವುದರಿಂದ ಒಂದೇ ಕಾಯಿಲೆಯು ಬೇರೆ ಬೇರೆ ಮನೆಗಳಲ್ಲಿ ಬೇರೆ ಬೇರೆ ಹೆಸರು ಪಡೆದಿರುತ್ತದೆ. ಕನ್ನಡದಲ್ಲಿ ಅರೆತಲೆನೋವು, ಮರಾಠಿಯಲ್ಲಿ ಅರ್ಧಶಿಶಿ, ದಖನಿ ಮಾತಿನಲ್ಲಿ ಆಧಾಸೀಸಿ ಎಂದು ಕರೆಯಲಾಗುವ ನೋವು ಬಹುಮಟ್ಟಿಗೆ ವೈದ್ಯರು ಮೈಗ್ರೇನ್ ಎಂದು ಗುರುತಿಸುವ ಕಾಯಿಲೆಯೇ ಆಗಿದೆ. ವಾಂತಿಯೂ ಜೊತೆಗೂಡುವುದರಿಂದ ಅನೇಕರು ಇದನ್ನು ಪಿತ್ತದ ತಲೆನೋವು ಎಂದು ಭಾವಿಸಿ ವರ್ಷಗಟ್ಟಲೆ ಚಿಕಿತ್ಸೆ ಪಡೆಯದೆ ಉಳಿಯುತ್ತಾರೆ.

ಮೈಗ್ರೇನ್ ಪಟ್ಟಣವಾಸಿಗಳ ಅಥವಾ ಓದು-ಬರಹದ ಕೆಲಸ ಮಾಡುವವರ ಕಾಯಿಲೆ ಎಂಬ ನಂಬಿಕೆ ಸರಿಯಲ್ಲ. ಬೆಂಗಳೂರು ನಗರ ಹಾಗೂ ಸುತ್ತಲಿನ ಗ್ರಾಮಗಳಲ್ಲಿ 2009ರಲ್ಲಿ 18ರಿಂದ 65 ವರ್ಷ ವಯಸ್ಸಿನ 2329 ಜನರನ್ನು ಕುರಿತು ನಡೆಸಿದ ಸಮೀಕ್ಷೆಯಲ್ಲಿ, ಒಂದು ವರ್ಷದ ಅವಧಿಯಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮೈಗ್ರೇನ್ ಬಾಧಿಸಿರುವುದು ಕಂಡುಬಂದಿತು. ಪುರುಷರಿಗಿಂತ ಮಹಿಳೆಯರಲ್ಲಿ, ನಗರಕ್ಕಿಂತ ಗ್ರಾಮಗಳಲ್ಲಿ ಇದರ ಪ್ರಮಾಣ ಹೆಚ್ಚಾಗಿತ್ತು.

ಈ ಕಾಯಿಲೆಗೆ ಹಲವು ಔಷಧಿಗಳಿವೆ. ಆದರೆ ಯಾವ ರೋಗಿಗೆ ಯಾವ ಔಷಧಿ ಹಿಡಿಸುತ್ತದೆ ಎಂಬುದನ್ನು ಮುಂಚಿತವಾಗಿ ತಿಳಿಸುವ ರಕ್ತಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಇಲ್ಲ. ಒಂದು ಔಷಧಿಯನ್ನು ಸರಿಯಾದ ಪ್ರಮಾಣದಲ್ಲಿ, ಸಾಕಷ್ಟು ಕಾಲ ಸೇವಿಸಿ, ಫಲಿತಾಂಶವನ್ನು ಬರೆದಿಟ್ಟು, ಆ ಬರಹದ ಆಧಾರದ ಮೇಲೆ ಮುಂದುವರಿಸುವುದು ಅಥವಾ ಬದಲಿಸುವುದು ಇರುವ ಮಾರ್ಗವಾಗಿದೆ. ಸದರಿ ಕ್ರಮವನ್ನು ಈ ಪುಟದಲ್ಲಿ ವಿವರಿಸಲಾಗಿದೆ.

1. ಮೈಗ್ರೇನ್ ಎಂದು ಗುರುತಿಸುವ ಬಗೆ

ಮೈಗ್ರೇನ್ ಅನ್ನು ವೈದ್ಯರು ರೋಗಿಯ ವಿವರಣೆಯಿಂದಲೇ ಗುರುತಿಸುತ್ತಾರೆ. ಚಿಕಿತ್ಸೆ ಪಡೆಯದಿದ್ದಲ್ಲಿ ನೋವು 4ರಿಂದ 72 ಗಂಟೆಗಳವರೆಗೆ ಇರುತ್ತದೆ ಮತ್ತು ಇಂತಹ ನೋವು ಕನಿಷ್ಠ 5 ಬಾರಿ ಬಂದಿರಬೇಕು. ಈ ಕೆಳಕಂಡ ನಾಲ್ಕು ಲಕ್ಷಣಗಳಲ್ಲಿ ಕನಿಷ್ಠ ಎರಡು ಇರಬೇಕು:

ಅ) ತಲೆಯ ಒಂದು ಪಾರ್ಶ್ವದಲ್ಲಿ ನೋವು
ಆ) ನಾಡಿ ಬಡಿದಂತೆ ಮಿಡಿಯುವ ನೋವು
ಇ) ಮಧ್ಯಮ ಅಥವಾ ತೀವ್ರ ಸ್ವರೂಪದ ನೋವು
ಈ) ನಡೆದಾಡುವುದು, ಮೆಟ್ಟಿಲು ಹತ್ತುವುದು ಮುಂತಾದ ಸಾಮಾನ್ಯ ಚಟುವಟಿಕೆಯಿಂದ ಹೆಚ್ಚಾಗುವ ನೋವು

ಇವುಗಳೊಂದಿಗೆ ವಾಕರಿಕೆ ಅಥವಾ ವಾಂತಿ ಇರಬೇಕು. ಇಲ್ಲವಾದಲ್ಲಿ ಬೆಳಕು ಮತ್ತು ಶಬ್ದ ಎರಡನ್ನೂ ಸಹಿಸಲಾಗದ ಸ್ಥಿತಿ ಇರಬೇಕು. ಕೆಲವರಿಗೆ ನೋವಿಗೆ ಮೊದಲು 5ರಿಂದ 60 ನಿಮಿಷಗಳವರೆಗೆ ಕಣ್ಣಮುಂದೆ ಅಂಕುಡೊಂಕು ಬೆಳಕಿನ ಗೆರೆಗಳು ಅಥವಾ ಮಿನುಗುವ ಚುಕ್ಕೆಗಳು ಕಾಣಿಸುತ್ತವೆ. ಇದಕ್ಕೆ ಮುನ್ಸೂಚನೆ ಎನ್ನಲಾಗುತ್ತದೆ. ಮುನ್ಸೂಚನೆ ಇರುವುದನ್ನು ವೈದ್ಯರಿಗೆ ತಪ್ಪದೆ ತಿಳಿಸತಕ್ಕದ್ದು. ಇದರ ಕಾರಣವನ್ನು ಕಂಡಿಕೆ 6ರಲ್ಲಿ ನೀಡಲಾಗಿದೆ.

2. ವಿಳಂಬವಿಲ್ಲದೆ ಆಸ್ಪತ್ರೆಗೆ ಹೋಗಬೇಕಾದ ಸಂದರ್ಭಗಳು

ಈ ಕೆಳಕಂಡ ಸಂದರ್ಭಗಳಲ್ಲಿ ಮಾತ್ರೆ ಸೇವಿಸಿ ಕಾಯಬಾರದು. ತೀವ್ರ ಸ್ಥಿತಿಯಲ್ಲಿ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಪಡೆಯತಕ್ಕದ್ದು.

1) ಕ್ಷಣಮಾತ್ರದಲ್ಲಿ ಹಿಂದೆಂದೂ ಕಾಣದಷ್ಟು ತೀವ್ರವಾದ ನೋವು ಬಂದಲ್ಲಿ
2) ಜ್ವರ, ಕುತ್ತಿಗೆ ಬಿಗಿತ, ಸೆಳವು ಅಥವಾ ಪ್ರಜ್ಞೆ ಮಸುಕಾಗುವಿಕೆ ಇದ್ದಲ್ಲಿ
3) ಕೈಕಾಲು ಬಲಹೀನವಾದಲ್ಲಿ, ಮಾತು ತೊದಲಿದಲ್ಲಿ, ದೃಷ್ಟಿ ಹೋದಲ್ಲಿ
4) ತಲೆಗೆ ಪೆಟ್ಟು ಬಿದ್ದ ನಂತರ ನೋವು ಬಂದಲ್ಲಿ
5) 50 ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಇಂತಹ ನೋವು ಆರಂಭವಾದಲ್ಲಿ
6) ಗರ್ಭಿಣಿ ಅಥವಾ ಬಾಣಂತಿಗೆ ಹೊಸದಾಗಿ ತೀವ್ರ ತಲೆನೋವು ಬಂದಲ್ಲಿ
7) ನೋವು ವಾರದಿಂದ ವಾರಕ್ಕೆ ಏರುತ್ತಲೇ ಹೋದಲ್ಲಿ

3. ನೋವು ಬಂದಾಗ ಸೇವಿಸುವ ಔಷಧಿಗಳು

ಮೈಗ್ರೇನ್ ಔಷಧಿಗಳಲ್ಲಿ ನೋವು ಬಂದಾಗ ಅದನ್ನು ಶಮನ ಮಾಡುವವು ಒಂದು ವರ್ಗ. ನೋವು ಬಾರದಂತೆ ಪ್ರತಿದಿನ ಸೇವಿಸುವವು ಇನ್ನೊಂದು ವರ್ಗ. ಈ ಎರಡನ್ನು ಒಂದೇ ಎಂದು ತಿಳಿಯುವುದರಿಂದಲೇ ಬಹಳಷ್ಟು ಚಿಕಿತ್ಸೆಗಳು ವಿಫಲವಾಗುತ್ತವೆ.

ಮೊದಲ ವರ್ಗದಲ್ಲಿ ಪ್ಯಾರಾಸಿಟಮಾಲ್, ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಹಾಗೂ ಆಸ್ಪಿರಿನ್ ಸೇರಿವೆ. ವಯಸ್ಕರಿಗೆ ಸಾಮಾನ್ಯವಾಗಿ ಪ್ಯಾರಾಸಿಟಮಾಲ್ 1000 ಮಿ.ಗ್ರಾಂ. ಅಥವಾ ಐಬುಪ್ರೊಫೆನ್ 400 ಮಿ.ಗ್ರಾಂ. ಸೂಚಿಸಲಾಗುತ್ತದೆ. ನೋವು ಏರಿದ ಮೇಲೆ ಅರ್ಧ ಮಾತ್ರೆ, ಸಂಜೆ ಇನ್ನರ್ಧ ಮಾತ್ರೆ ಸೇವಿಸುವುದರಿಂದ ಪ್ರಯೋಜನವಾಗುವುದಿಲ್ಲ. ನೋವು ಇನ್ನೂ ಅಲ್ಪವಾಗಿರುವಾಗಲೇ ಪೂರ್ಣ ಪ್ರಮಾಣವನ್ನು ಒಂದೇ ಬಾರಿಗೆ ಸೇವಿಸಬೇಕು. ಹೊಟ್ಟೆಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರು ಐಬುಪ್ರೊಫೆನ್, ನ್ಯಾಪ್ರೊಕ್ಸೆನ್ ಹಾಗೂ ಆಸ್ಪಿರಿನ್ ಸೇವಿಸುವ ಮೊದಲು ವೈದ್ಯರ ಸಲಹೆ ಪಡೆಯತಕ್ಕದ್ದು. 16 ವರ್ಷದೊಳಗಿನ ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು.

ಮೈಗ್ರೇನ್ ಸಮಯದಲ್ಲಿ ಜಠರದ ಚಲನೆ ಮಂದವಾಗುವುದರಿಂದ ನುಂಗಿದ ಮಾತ್ರೆ ಬೇಗ ರಕ್ತ ಸೇರುವುದಿಲ್ಲ. ಮಾತ್ರೆ ಕೆಲಸ ಮಾಡಲಿಲ್ಲ ಎಂಬ ದೂರಿಗೆ ಹಲವು ಬಾರಿ ಇದೇ ಕಾರಣವಾಗಿರುತ್ತದೆ. ಆದ್ದರಿಂದ ವೈದ್ಯರು ವಾಂತಿ ತಡೆಯುವ ಡೊಂಪೆರಿಡೋನ್ ಅಥವಾ ಮೆಟೋಕ್ಲೋಪ್ರಮೈಡ್ ಅನ್ನು ಜೊತೆಗೆ ನೀಡುವುದುಂಟು.

ಇವುಗಳಿಂದ ಗುಣ ಕಾಣದಿದ್ದಲ್ಲಿ ಟ್ರಿಪ್ಟಾನ್ ಗುಂಪಿನ ಔಷಧಿಗಳನ್ನು ಸೂಚಿಸಲಾಗುತ್ತದೆ. ಇವುಗಳಲ್ಲಿ ಮೊದಲನೆಯದಾದ ಸುಮಾಟ್ರಿಪ್ಟಾನ್ 1991ರಲ್ಲಿ ಬಳಕೆಗೆ ಬಂದಿತು. ಇದು ಮೈಗ್ರೇನ್‌ಗಾಗಿಯೇ ರೂಪಿಸಿದ ಔಷಧಿಯಾಗಿದೆ. ಹೃದಯಾಘಾತ ಅಥವಾ ಪಾರ್ಶ್ವವಾಯು ಆಗಿದ್ದವರು, ಎದೆನೋವಿನ ಕಾಯಿಲೆ ಇರುವವರು ಹಾಗೂ ರಕ್ತದೊತ್ತಡ ಹತೋಟಿಯಲ್ಲಿಲ್ಲದವರು ಟ್ರಿಪ್ಟಾನ್ ಸೇವಿಸಬಾರದು. ಎರ್ಗಾಟಮಿನ್ ಇರುವ ಹಳೆಯ ಮಾತ್ರೆಗಳನ್ನು ಮತ್ತು ಟ್ರಿಪ್ಟಾನ್ ಅನ್ನು 24 ಗಂಟೆಗಳ ಒಳಗೆ ಒಟ್ಟಿಗೆ ಬಳಸಬಾರದು.

ಶಮನ ಮಾಡುವ ಔಷಧಿಯನ್ನು ಒಂದೇ ಬಾರಿ ನೋಡಿ ತೀರ್ಮಾನಿಸಬಾರದು. ಎರಡು ಅಥವಾ ಮೂರು ಬಾರಿಯ ನೋವಿನಲ್ಲಿ, ಪ್ರತಿಬಾರಿಯೂ ಆರಂಭದಲ್ಲೇ ಸೇವಿಸಿ, 2 ಗಂಟೆಗಳ ನಂತರದ ಸ್ಥಿತಿಯನ್ನು ಗಮನಿಸಬೇಕು. ಒಂದು ಟ್ರಿಪ್ಟಾನ್ ಹಿಡಿಸದವರಿಗೆ ಅದೇ ಗುಂಪಿನ ಮತ್ತೊಂದು ಹಿಡಿಸುವ ಸಾಧ್ಯತೆ ಇದೆ.

4. ಮಾತ್ರೆಯೇ ತಲೆನೋವಿಗೆ ಕಾರಣವಾಗುವ ಸಂದರ್ಭ

ಕಿರಾಣಿ ಅಂಗಡಿಗಳಲ್ಲಿ ಬಿಡಿಯಾಗಿ ದೊರೆಯುವ ತಲೆನೋವಿನ ಮಾತ್ರೆಗಳು ಹಲವು ಔಷಧಿಗಳ ಮಿಶ್ರಣವಾಗಿದ್ದು, ಅನೇಕವುಗಳಲ್ಲಿ ಕೆಫೀನ್ ಸಹ ಇರುತ್ತದೆ. ಇಂತಹ ಮಿಶ್ರಣದ ಮಾತ್ರೆ, ಟ್ರಿಪ್ಟಾನ್ ಅಥವಾ ಎರ್ಗಾಟಮಿನ್ ಅನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಸಾಮಾನ್ಯ ನೋವುನಿವಾರಕಗಳನ್ನು ತಿಂಗಳಿಗೆ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ಸೇವಿಸಿದಲ್ಲಿ ಆ ಔಷಧಿಯೇ ತಲೆನೋವನ್ನು ಹೆಚ್ಚಿಸುತ್ತದೆ. ಮೊದಲು ತಿಂಗಳಿಗೆ ಎರಡು ಬಾರಿ ಬರುತ್ತಿದ್ದ ನೋವು ವಾರಕ್ಕೆ ಮೂರು, ನಾಲ್ಕು ದಿನ ಬರತೊಡಗುತ್ತದೆ. ರೋಗಿಯು ಕಾಯಿಲೆ ಉಲ್ಬಣಿಸಿತೆಂದು ತಿಳಿದು ಇನ್ನೂ ಹೆಚ್ಚು ಮಾತ್ರೆ ಸೇವಿಸುತ್ತಾರೆ.

ಈ ಸ್ಥಿತಿಯಲ್ಲಿ ಹೊಸ ಔಷಧಿ ಹುಡುಕುವುದಕ್ಕಿಂತ ಹಳೆಯದರ ಅತಿಬಳಕೆಯನ್ನು ನಿಲ್ಲಿಸುವುದು ಮೊದಲ ಚಿಕಿತ್ಸೆಯಾಗಿದೆ. ನಿಲ್ಲಿಸಿದ ಆರಂಭದ ದಿನಗಳಲ್ಲಿ, ಸಾಮಾನ್ಯವಾಗಿ 2ರಿಂದ 10 ದಿನಗಳವರೆಗೆ, ನೋವು ಹೆಚ್ಚಾಗುತ್ತದೆ. ಇದು ನಿರೀಕ್ಷಿತವಾದುದು, ನಂತರ ಇಳಿಯುತ್ತದೆ. ಇದನ್ನು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಮಾಡತಕ್ಕದ್ದು.

5. ನೋವು ಬಾರದಂತೆ ತಡೆಯುವ ಔಷಧಿಗಳು

ತಿಂಗಳಿಗೆ 4 ಅಥವಾ ಹೆಚ್ಚು ದಿನ ನೋವು ಬರುವವರಿಗೆ, ಅಥವಾ ಕಡಿಮೆ ಬಂದರೂ ಕೂಲಿ, ಕೆಲಸ, ಶಾಲೆ ತಪ್ಪಿಹೋಗುವವರಿಗೆ ವೈದ್ಯರು ಪ್ರತಿದಿನದ ಔಷಧಿಯನ್ನು ಪರಿಗಣಿಸುತ್ತಾರೆ. ಈ ಔಷಧಿಗಳಲ್ಲಿ ಹೆಚ್ಚಿನವು ಮೊದಲಿಗೆ ಬೇರೆ ಕಾಯಿಲೆಗಳಿಗಾಗಿ ಬಂದಂಥವು. ಹೃದಯದ ಔಷಧಿಯಾದ ಪ್ರೊಪ್ರನೊಲಾಲ್ ಮೈಗ್ರೇನ್ ತಡೆಯುತ್ತದೆ ಎಂಬುದು, ಎದೆನೋವಿಗಾಗಿ ಅದನ್ನು ಸೇವಿಸುತ್ತಿದ್ದ ರೋಗಿಯ ತಲೆನೋವು ನಿಂತಾಗ 1966ರಲ್ಲಿ ಆಕಸ್ಮಿಕವಾಗಿ ತಿಳಿದುಬಂದಿತು. ಆದ್ದರಿಂದ ಚೀಟಿಯಲ್ಲಿ ರಕ್ತದೊತ್ತಡದ, ಮನೋವ್ಯಾಧಿಯ ಅಥವಾ ಮೂರ್ಛೆರೋಗದ ಔಷಧಿ ಕಂಡುಬಂದಲ್ಲಿ ರೋಗಿಯು ಗಾಬರಿಗೊಂಡು ನಿಲ್ಲಿಸಬಾರದು.

ಅ) ಪ್ರೊಪ್ರನೊಲಾಲ್: ರಕ್ತದೊತ್ತಡವೂ ಇರುವವರಿಗೆ ಅನುಕೂಲ. ಆಸ್ತಮಾ ಇರುವವರಿಗೆ ಕೊಡುವಂತಿಲ್ಲ. ಏಕಾಏಕಿ ನಿಲ್ಲಿಸಬಾರದು.
ಆ) ಅಮಿಟ್ರಿಪ್ಟಿಲಿನ್: ರಾತ್ರಿ 10 ಮಿ.ಗ್ರಾಂ.ನಿಂದ ಆರಂಭಿಸಲಾಗುತ್ತದೆ. ನಿದ್ರೆ ಬಾರದವರಿಗೆ ಅನುಕೂಲ. ಬಾಯಿ ಒಣಗುವಿಕೆ ಹಾಗೂ ಬೆಳಗಿನ ಮಂಪರು ಉಂಟಾಗಬಹುದು.
ಇ) ಫ್ಲುನಾರಿಜಿನ್: ರಾತ್ರಿ 5 ಅಥವಾ 10 ಮಿ.ಗ್ರಾಂ. ತೂಕ ಹೆಚ್ಚಬಹುದು. ಮಂಕು ಕವಿಯುವಿಕೆ ಅಥವಾ ಕೈ ನಡುಕ ಕಂಡಲ್ಲಿ ಕೂಡಲೇ ವೈದ್ಯರಿಗೆ ತಿಳಿಸಬೇಕು.
ಈ) ಟೋಪಿರಮೇಟ್: ತೂಕ ಇಳಿಯಬಹುದು. ಬೆರಳುಗಳಲ್ಲಿ ಜುಮುಗುಟ್ಟುವಿಕೆ ಉಂಟಾಗಬಹುದು. ಮೂತ್ರಪಿಂಡದಲ್ಲಿ ಕಲ್ಲು ಇದ್ದವರು ಮೊದಲೇ ತಿಳಿಸಬೇಕು.
ಉ) ಸೋಡಿಯಂ ವಾಲ್ಪ್ರೊಯೇಟ್: ಗರ್ಭಧಾರಣೆಯ ಸಾಧ್ಯತೆ ಇರುವ ಮಹಿಳೆಯರಿಗೆ ಮೈಗ್ರೇನ್‌ಗಾಗಿ ಕೊಡುವಂತಿಲ್ಲ.

ಈ ಔಷಧಿಗಳು ಸೇವಿಸಿದ ದಿನವೇ ಫಲ ಕೊಡುವುದಿಲ್ಲ. ಅಡ್ಡಪರಿಣಾಮ ಮೊದಲ ವಾರದಲ್ಲಿಯೇ ಕಾಣುತ್ತದೆ. ಗುಣ ಎರಡನೆಯ, ಮೂರನೆಯ ತಿಂಗಳಿನಲ್ಲಿ ಕಾಣುತ್ತದೆ. ಇದರಿಂದಾಗಿ ಅನೇಕರು ಫಲ ದೊರೆಯುವ ಮೊದಲೇ ಔಷಧಿಯನ್ನು ಬಿಟ್ಟುಬಿಡುತ್ತಾರೆ. ಸರಿಯಾದ ಪ್ರಮಾಣವನ್ನು ತಲುಪಿದ ನಂತರ ಕನಿಷ್ಠ 2 ತಿಂಗಳು ಸೇವಿಸದೆ ಯಾವ ಔಷಧಿಯನ್ನೂ ವಿಫಲವೆಂದು ಪರಿಗಣಿಸಬಾರದು. ನೋವಿನ ದಿನಗಳು ಅರ್ಧಕ್ಕೆ ಇಳಿದಲ್ಲಿ ಔಷಧಿಯು ಫಲ ನೀಡಿದೆ ಎಂದು ಭಾವಿಸಲಾಗುತ್ತದೆ. ಪೂರ್ಣವಾಗಿ ನಿಲ್ಲಬೇಕೆಂದು ನಿರೀಕ್ಷಿಸಿ ಒಳ್ಳೆಯ ಔಷಧಿಯನ್ನು ತ್ಯಜಿಸಬಾರದು. ಗುಣ ಕಂಡ ಮೇಲೆ ಸಾಮಾನ್ಯವಾಗಿ 6ರಿಂದ 12 ತಿಂಗಳು ಮುಂದುವರಿಸಿ, ವೈದ್ಯರು ಕ್ರಮೇಣ ಕಡಿಮೆ ಮಾಡುತ್ತಾರೆ.

ಮೇಲ್ಕಂಡವುಗಳಿಂದ ಗುಣ ಕಾಣದವರಿಗೆ ಹೊಸ ಚುಚ್ಚುಮದ್ದುಗಳಿವೆ. ಮೈಗ್ರೇನ್ ನೋವಿನಲ್ಲಿ ಭಾಗಿಯಾಗುವ ಸಿ.ಜಿ.ಆರ್.ಪಿ. ಎಂಬ ವಸ್ತುವನ್ನು ತಡೆಯುವ ಇಂತಹ ಮೊದಲ ಚುಚ್ಚುಮದ್ದಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಇವು ದುಬಾರಿಯಾಗಿದ್ದು, ನರರೋಗ ತಜ್ಞರ ಸಲಹೆಯ ಮೇರೆಗೆ ಮಾತ್ರ ಬಳಸುವಂಥವು. ಬಹುಪಾಲು ರೋಗಿಗಳಿಗೆ ಹಳೆಯ, ಅಗ್ಗದ ಔಷಧಿಗಳನ್ನು ಕ್ರಮವಾಗಿ ಪರೀಕ್ಷಿಸುವುದೇ ಮೊದಲ ಹೆಜ್ಜೆಯಾಗಿದೆ.

6. ಮಹಿಳೆಯರು ವಿಶೇಷವಾಗಿ ಗಮನಿಸಬೇಕಾದ ಅಂಶಗಳು

1) ಮುನ್ಸೂಚನೆ ಸಹಿತ ಮೈಗ್ರೇನ್ ಇರುವವರು ಈಸ್ಟ್ರೋಜನ್ ಇರುವ ಗರ್ಭನಿರೋಧಕ ಮಾತ್ರೆಗಳನ್ನು ಸೇವಿಸಬಾರದು; ಪಾರ್ಶ್ವವಾಯುವಿನ ಅಪಾಯ ಹೆಚ್ಚುತ್ತದೆ. ಸರ್ಕಾರದ ವತಿಯಿಂದ ಉಚಿತವಾಗಿ ವಿತರಿಸಲಾಗುವ ಮಾಲಾ-ಎನ್ ಮಾತ್ರೆಯಲ್ಲಿ ಈಸ್ಟ್ರೋಜನ್ ಇದೆ. ಛಾಯಾ ಮಾತ್ರೆಯಲ್ಲಿ ಮತ್ತು ಕಾಪರ್-ಟಿಯಲ್ಲಿ ಈಸ್ಟ್ರೋಜನ್ ಇಲ್ಲ. ಆಶಾ ಕಾರ್ಯಕರ್ತೆಯಿಂದ ಮಾತ್ರೆ ಪಡೆಯುವಾಗ ತಲೆನೋವಿನ ವಿಷಯ ತಿಳಿಸತಕ್ಕದ್ದು.
2) ವಾಲ್ಪ್ರೊಯೇಟ್ ಹಾಗೂ ಟೋಪಿರಮೇಟ್ ಗರ್ಭಸ್ಥ ಶಿಶುವಿಗೆ ಹಾನಿಕರ. ವಿವಾಹ ನಿಶ್ಚಯವಾದವರು ಹಾಗೂ ಮಗುವನ್ನು ಬಯಸುವವರು ಮೊದಲೇ ವೈದ್ಯರೊಂದಿಗೆ ಚರ್ಚಿಸತಕ್ಕದ್ದು.
3) ಗರ್ಭಿಣಿಯರಿಗೆ ನೋವು ಬಂದಾಗ ಪ್ಯಾರಾಸಿಟಮಾಲ್ ಮೊದಲ ಆಯ್ಕೆ. ಎರ್ಗಾಟಮಿನ್ ಪೂರ್ಣವಾಗಿ ನಿಷಿದ್ಧ. ಐಬುಪ್ರೊಫೆನ್ ಅನ್ನು ವೈದ್ಯರ ಸಲಹೆ ಇಲ್ಲದೆ ಸೇವಿಸಬಾರದು.

7. ತಲೆನೋವಿನ ದಿನಚರಿ

ವೈದ್ಯರು ರೋಗಿಯನ್ನು ನೋಡುವುದು ತಿಂಗಳಿಗೆ ಕೆಲವು ನಿಮಿಷ ಮಾತ್ರ. ಉಳಿದ ದಿನಗಳ ಲೆಕ್ಕ ರೋಗಿಯ ಬಳಿಯೇ ಇರಬೇಕು. ದಿನಚರಿಯಲ್ಲಿ ಈ ಕೆಳಕಂಡ ವಿವರಗಳನ್ನು ದಾಖಲಿಸತಕ್ಕದ್ದು:

1) ದಿನಾಂಕ ಮತ್ತು ನೋವು ಆರಂಭವಾದ ವೇಳೆ
2) ನೋವಿನ ಪ್ರಮಾಣ: ಅಲ್ಪ, ಮಧ್ಯಮ, ತೀವ್ರ
3) ಸೇವಿಸಿದ ಔಷಧಿ, ಪ್ರಮಾಣ, ವೇಳೆ
4) 2 ಗಂಟೆಗಳ ನಂತರದ ಸ್ಥಿತಿ
5) ಕೆಲಸ ಅಥವಾ ಶಾಲೆ ತಪ್ಪಿತೇ ಎಂಬ ವಿವರ
6) ಮುಟ್ಟಿನ ದಿನ, ಉಪವಾಸ, ನಿದ್ರೆಗೆಟ್ಟ ರಾತ್ರಿ, ಬಿಸಿಲಿನಲ್ಲಿ ದುಡಿದ ದಿನ

ಓದು-ಬರಹ ಬಾರದವರು ಗೋಡೆಯ ಕ್ಯಾಲೆಂಡರಿನಲ್ಲಿ ನೋವು ಬಂದ ದಿನಕ್ಕೆ ಒಂದು ಗೆರೆ, ಮಾತ್ರೆ ನುಂಗಿದ ದಿನಕ್ಕೆ ಒಂದು ಚುಕ್ಕೆ ಹಾಕಿದರೂ ಸಾಕಾಗುತ್ತದೆ. ಆ ಹಾಳೆಯನ್ನೇ ವೈದ್ಯರಿಗೆ ತೋರಿಸಬಹುದು.

ಉದಾಹರಣೆ (ಕಲ್ಪಿತ): ಸೋಯಾ ಮತ್ತು ತೊಗರಿ ಹೊಲಗಳಲ್ಲಿ ಕೂಲಿ ಮಾಡುವ ಮಹಿಳೆಯೊಬ್ಬರಿಗೆ ತಿಂಗಳಿಗೆ 10 ದಿನ ನೋವು ಇರುತ್ತದೆ ಎಂದು ಭಾವಿಸಬಹುದು. ವೈದ್ಯರು ಪ್ರೊಪ್ರನೊಲಾಲ್ ಆರಂಭಿಸುತ್ತಾರೆ. ಮೊದಲ ತಿಂಗಳ ಕೊನೆಗೆ ಕ್ಯಾಲೆಂಡರಿನಲ್ಲಿ 9 ಗೆರೆ, ಎರಡನೆಯ ತಿಂಗಳು 7 ಗೆರೆ, ಮೂರನೆಯ ತಿಂಗಳು 4 ಗೆರೆ ಇರುತ್ತವೆ. ಮೊದಲ ತಿಂಗಳ ನಂತರ ಕೇಳಿದಲ್ಲಿ ಅವರು ಗುಣವಿಲ್ಲ ಎಂದೇ ಹೇಳುತ್ತಿದ್ದರು. ಮೂರನೆಯ ತಿಂಗಳಿನಲ್ಲಿಯೂ ನೋವು ಬಂದ ದಿನವೇ ಕೇಳಿದಲ್ಲಿ ಅದೇ ಉತ್ತರ ಬರಬಹುದು. ಆದರೆ 10 ದಿನಗಳ ನೋವು 4 ದಿನಗಳಿಗೆ ಇಳಿದಿರುವುದು ಗೆರೆಗಳಿಂದ ಸ್ಪಷ್ಟವಾಗುತ್ತದೆ; ತಿಂಗಳಿಗೆ 6 ದಿನಗಳು ಅವರಿಗೆ ಮರಳಿ ದೊರೆತಿವೆ. ದಾಖಲೆ ಇಲ್ಲದಿದ್ದಲ್ಲಿ ಈ ಔಷಧಿಯು ಹಿಡಿಸದವುಗಳ ಪಟ್ಟಿಗೆ ಸೇರಿ, ಮುಂದೆ ಯಾವ ವೈದ್ಯರೂ ಅದನ್ನು ಮತ್ತೆ ಬರೆಯದೆ ಹೋಗುವ ಸಂಭವವಿತ್ತು.

ಏಕಾದಶಿ, ಶ್ರಾವಣದ ಉಪವಾಸ ಅಥವಾ ರಂಜಾನ್ ರೋಜಾ ಆಚರಿಸುವವರು ಮುಂಚಿತವಾಗಿ ವೈದ್ಯರಿಗೆ ತಿಳಿಸಿದಲ್ಲಿ ಔಷಧಿಯ ವೇಳೆಯನ್ನು ರಾತ್ರಿಗೆ ಅಥವಾ ಸಹರಿ-ಇಫ್ತಾರ್ ವೇಳೆಗೆ ಹೊಂದಿಸಿಕೊಡಲು ಸಾಧ್ಯವಾಗುತ್ತದೆ. ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ದುಡಿಯುವವರು ನೀರು ಕುಡಿಯುವುದನ್ನು, ತಲೆಗೆ ಬಟ್ಟೆ ಸುತ್ತಿಕೊಳ್ಳುವುದನ್ನು ಮರೆಯಬಾರದು.

8. ಸೇವೆಗಳು ದೊರೆಯುವ ಸ್ಥಳ ಮತ್ತು ತರಬೇಕಾದ ದಾಖಲೆಗಳು

ಮೊದಲಿಗೆ ಖಟಕ ಚಿಂಚೋಳಿಯ ಸರ್ಕಾರಿ ಆರೋಗ್ಯ ಕೇಂದ್ರದಲ್ಲಿ ಹೊರರೋಗಿ ಚೀಟಿ ಪಡೆದು ವೈದ್ಯಾಧಿಕಾರಿಗಳನ್ನು ಕಾಣತಕ್ಕದ್ದು. ಅಗತ್ಯವಿದ್ದಲ್ಲಿ ಭಾಲ್ಕಿಯ ತಾಲ್ಲೂಕು ಸಾರ್ವಜನಿಕ ಆಸ್ಪತ್ರೆಗೆ, ಅಲ್ಲಿಂದ ಬೀದರಿನ ಬ್ರಿಮ್ಸ್ ಬೋಧಕ ಆಸ್ಪತ್ರೆಗೆ ಕಳುಹಿಸಿಕೊಡಲಾಗುತ್ತದೆ. ದೂರದಿಂದಲೇ ಸಲಹೆ ಪಡೆಯಲು ಇ-ಸಂಜೀವಿನಿ ದೂರವೈದ್ಯ ಸೇವೆ ಲಭ್ಯವಿದೆ. ಬೆಂಗಳೂರಿನ ನಿಮ್ಹಾನ್ಸ್ ಸಹಯೋಗದಲ್ಲಿ 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮದ ವ್ಯಾಪ್ತಿಯಲ್ಲಿ ಪಾರ್ಶ್ವವಾಯು, ಮೂರ್ಛೆರೋಗ ಹಾಗೂ ಮರೆವಿನ ಕಾಯಿಲೆಯ ಜೊತೆಗೆ ತಲೆನೋವೂ ಸೇರಿದೆ. ಬೀದರಿನಲ್ಲಿ ಈ ಸೇವೆಯ ದಿನ ಹಾಗೂ ವೇಳೆಯನ್ನು ಆಸ್ಪತ್ರೆಯ ವಿಚಾರಣಾ ಕೇಂದ್ರದಲ್ಲಿ ತಿಳಿದುಕೊಳ್ಳಬಹುದು.

ತರಬೇಕಾದ ದಾಖಲೆಗಳು:

1) ಆಧಾರ್ ಕಾರ್ಡ್ ಮತ್ತು ಪಡಿತರ ಚೀಟಿ
2) ಹಿಂದಿನ ಎಲ್ಲಾ ಔಷಧ ಚೀಟಿಗಳು ಮತ್ತು ಖಾಲಿಯಾದ ಮಾತ್ರೆಯ ಹಾಳೆಗಳು
3) ತಲೆನೋವಿನ ದಿನಚರಿ ಅಥವಾ ಗುರುತು ಹಾಕಿದ ಕ್ಯಾಲೆಂಡರ್
4) ಬೇರೆ ಆಸ್ಪತ್ರೆಗೆ ಕಳುಹಿಸಿದ್ದಲ್ಲಿ ಶಿಫಾರಸು ಪತ್ರ

ವಿಳಾಸವನ್ನು ನಮೂದಿಸುವಾಗ "ಖಟಕ ಚಿಂಚೋಳಿ, ಭಾಲ್ಕಿ ತಾಲ್ಲೂಕು, ಬೀದರ್ ಜಿಲ್ಲೆ" ಎಂದು ಪೂರ್ಣವಾಗಿ ಬರೆಯಿಸತಕ್ಕದ್ದು. ಕೇವಲ ಚಿಂಚೋಳಿ ಎಂದು ಬರೆದಲ್ಲಿ ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲ್ಲೂಕು ಎಂದು ತಪ್ಪಾಗಿ ದಾಖಲಾಗಬಹುದು.

ಈ ಭಾಗದ ಅನೇಕ ರೋಗಿಗಳು ಹೈದರಾಬಾದ್, ಲಾತೂರ, ಸೋಲಾಪುರ ನಗರಗಳಿಗೂ ಹೋಗುತ್ತಾರೆ. ಒಂದೇ ಔಷಧಿಯು ಬೇರೆ ಬೇರೆ ಕಂಪನಿಯ ಹೆಸರಿನಲ್ಲಿ ಮಾರಾಟವಾಗುವುದರಿಂದ, ಈಗಾಗಲೇ ಹಿಡಿಸದೆ ಹೋದ ಔಷಧಿಯನ್ನೇ ಹೊಸ ಹೆಸರಿನಲ್ಲಿ ಮತ್ತೆ ಕೊಳ್ಳುವ ಪ್ರಸಂಗಗಳು ಉಂಟಾಗುತ್ತವೆ. ಮಾತ್ರೆಯ ಹಾಳೆಯ ಮೇಲೆ ಸಣ್ಣ ಅಕ್ಷರದಲ್ಲಿರುವ ಮೂಲ ಔಷಧಿಯ ಹೆಸರನ್ನು ದಿನಚರಿಯಲ್ಲಿ ಬರೆದುಕೊಂಡಲ್ಲಿ ಈ ನಷ್ಟ ತಪ್ಪುತ್ತದೆ. ಅಂತಹ ಹೆಸರಿನಿಂದಲೇ ಜನೌಷಧಿ ಕೇಂದ್ರಗಳಲ್ಲಿಯೂ ಕಡಿಮೆ ಬೆಲೆಯ ಔಷಧಿಯನ್ನು ಕೇಳಿ ಪಡೆಯಬಹುದು.

9. ಸಾರ್ವಜನಿಕರ ಪ್ರಶ್ನೆಗಳು ಮತ್ತು ಉತ್ತರಗಳು

ಪ್ರಶ್ನೆ: ತಲೆಯ ಸ್ಕ್ಯಾನ್ ಮಾಡಿಸುವುದು ಕಡ್ಡಾಯವೇ?
ಉತ್ತರ: ಇಲ್ಲ. ಲಕ್ಷಣಗಳು ಸ್ಪಷ್ಟವಾಗಿದ್ದು, ಕಂಡಿಕೆ 2ರ ಅಪಾಯ ಸೂಚನೆಗಳು ಇಲ್ಲದಿದ್ದಲ್ಲಿ ಸಾಮಾನ್ಯವಾಗಿ ಸ್ಕ್ಯಾನ್ ಅಗತ್ಯವಿರುವುದಿಲ್ಲ.

ಪ್ರಶ್ನೆ: ನೆರೆಮನೆಯವರಿಗೆ ಗುಣ ಕೊಟ್ಟ ಮಾತ್ರೆಯನ್ನು ಸೇವಿಸಬಹುದೇ?
ಉತ್ತರ: ಸೇವಿಸಬಾರದು. ಅವರಿಗೆ ಹಿಡಿಸಿದ ಪ್ರೊಪ್ರನೊಲಾಲ್ ಆಸ್ತಮಾ ಇರುವವರಿಗೆ ಪ್ರಾಣಾಪಾಯ ತರಬಹುದು.

ಪ್ರಶ್ನೆ: ಕನ್ನಡಕ ಹಾಕಿಕೊಂಡಲ್ಲಿ ಮೈಗ್ರೇನ್ ಹೋಗುವುದೇ?
ಉತ್ತರ: ದೃಷ್ಟಿದೋಷವಿದ್ದಲ್ಲಿ ಕನ್ನಡಕ ಅಗತ್ಯ. ಆದರೆ ಅದು ಮೈಗ್ರೇನ್‌ಗೆ ಚಿಕಿತ್ಸೆಯಲ್ಲ.

ಪ್ರಶ್ನೆ: ನಾಟಿ ಅಥವಾ ಆಯುರ್ವೇದ ಔಷಧಿಯನ್ನು ಜೊತೆಗೆ ಪಡೆಯಬಹುದೇ?
ಉತ್ತರ: ಪಡೆಯುತ್ತಿದ್ದಲ್ಲಿ ಎರಡೂ ಕಡೆಯ ವೈದ್ಯರಿಗೆ ತಿಳಿಸಿ, ದಿನಚರಿಯಲ್ಲಿ ನಮೂದಿಸತಕ್ಕದ್ದು. ಒಂದೇ ವಾರದಲ್ಲಿ ಎರಡು ಹೊಸ ಔಷಧಿಗಳನ್ನು ಆರಂಭಿಸಿದಲ್ಲಿ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಪ್ರಶ್ನೆ: ಎರಡು ಔಷಧಿಗಳು ಹಿಡಿಸಲಿಲ್ಲ. ಮುಂದೇನು?
ಉತ್ತರ: ಎರಡು ವಿಫಲವಾದವೆಂದರೆ ಎಲ್ಲವೂ ವಿಫಲವಾದಂತಲ್ಲ. ದಿನಚರಿ ಹಾಗೂ ಹಳೆಯ ಚೀಟಿಗಳೊಂದಿಗೆ ತಜ್ಞ ವೈದ್ಯರನ್ನು ಕಾಣತಕ್ಕದ್ದು. ಪ್ರಮಾಣ, ಅವಧಿ ಹಾಗೂ ನೋವುನಿವಾರಕಗಳ ಅತಿಬಳಕೆಯನ್ನು ಮೊದಲು ಪರಿಶೀಲಿಸಿ, ನಂತರ ಬೇರೆ ಗುಂಪಿನ ಔಷಧಿಯನ್ನು ಸೂಚಿಸಲಾಗುತ್ತದೆ.

ಸೂಚನೆ: ಈ ಪುಟದಲ್ಲಿ ನೀಡಲಾದ ಔಷಧಿಗಳ ಹೆಸರು ಹಾಗೂ ಪ್ರಮಾಣಗಳು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರವಾಗಿದ್ದು, ಸ್ವಯಂ ಚಿಕಿತ್ಸೆಗಾಗಿ ಅಲ್ಲ. ಟ್ರಿಪ್ಟಾನ್‌ಗಳು ಹಾಗೂ ಪ್ರತಿದಿನದ ತಡೆ ಔಷಧಿಗಳನ್ನು ನೋಂದಾಯಿತ ವೈದ್ಯರ ಚೀಟಿಯ ಮೇರೆಗೆ ಮಾತ್ರ ಪಡೆಯತಕ್ಕದ್ದು. ಹೆಚ್ಚಿನ ಮಾಹಿತಿಗಾಗಿ ಸಮೀಪದ ಸರ್ಕಾರಿ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳನ್ನು ಅಥವಾ ಗ್ರಾಮದ ಆಶಾ ಕಾರ್ಯಕರ್ತೆಯರನ್ನು ಸಂಪರ್ಕಿಸಬಹುದು.